ಚಂದ್ರಿಕೆಯ ನೆರಳು

ರಾಧಾಮಣಿಗೆ ನಿದ್ದೆ ಹೆಚ್ಚು. ಸಾತನೂರಿನ ಆಚೆ ಬೆಟ್ಟದ ಬುಡದಲ್ಲಿರುವ ಅವಳ ಊರಿನಲ್ಲಿ ಇದು ಗುಟ್ಟೇನಲ್ಲ. ಮಧ್ಯಾಹ್ನ ಮುದ್ದೆ ಉಂಡು, ಹೊಲದ ಬದುವಿನ ಮೇಲಿನ ಹೊಂಗೆ ಸಾಲಿನ ಕೆಳಗೆ ಸೆರಗು ಹಾಸಿಕೊಂಡಳೆಂದರೆ ಅವಳನ್ನು ಕರೆದು ಪ್ರಯೋಜನವಿಲ್ಲ. ಗಂಡ ದೇವರಾಜು ಮದುವೆಯಾದ ಹೊಸತರಲ್ಲಿ ಕರೆದು ನೋಡಿ, ಬೇಸತ್ತು, ಕರೆಯುವುದನ್ನು ಬಿಟ್ಟ. ರೇಷ್ಮೆ ಹುಳುವಿನ ಮನೆಗೆ ಬಂದ ಹೆಂಗಸಿಗೆ ಇಷ್ಟು ನಿದ್ದೆ ಒಳ್ಳೆಯದಲ್ಲ ಎಂದು ಊರಿನವರು ಆಡಿಕೊಂಡರು. ಹುಳುವಿಗೆ ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು, ಹಿಕ್ಕೆ ತೆಗೆಯಬೇಕು. ರಾಧಾಮಣಿ ಅದನ್ನೆಲ್ಲ ಮಾಡುತ್ತಿದ್ದಳು. ಮಾಡಿ, ಹೋಗಿ ಮಲಗುತ್ತಿದ್ದಳು.

ಹೊಂಗೆಯ ನೆರಳು ಕಪ್ಪಗಿರುವುದಿಲ್ಲ. ನೀರಿನಡಿಯಿಂದ ನೋಡಿದಂತೆ ಒಂದು ಬಗೆಯ ತಿಳಿ ಹಸಿರು ಅದರಲ್ಲಿ ಆಡುತ್ತಿರುತ್ತದೆ. ಅದರ ಕೆಳಗೆ ಹಿಪ್ಪುನೇರಳೆ ಏಳುವುದಿಲ್ಲ. ಎದ್ದರೂ ಎಲೆ ತೆಳ್ಳಗಾಗಿ, ಹುಳು ಅದನ್ನು ಮೂಸಿ ಬಿಡುತ್ತದೆ. ಆದ್ದರಿಂದ ಬದುವಿನ ಪಕ್ಕದ ಆ ಉದ್ದನೆಯ ಪಟ್ಟಿಯನ್ನು ದೇವರಾಜು ಬರಡೆಂದು ಬಿಟ್ಟಿದ್ದ. ರಾಧಾಮಣಿ ಮೊದಲು ಅಲ್ಲಿ ಮಲಗಿದಳು. ಆಮೇಲೆ, ಮಲಗಿದಲ್ಲಿಂದಲೇ ಕೈ ಚಾಚಿ ಒಂದೊಂದು ಗಿಡ ಇಟ್ಟಳು. ಹೊಂಗೆಯ ಬೊಡ್ಡೆಗೆ ಅಮೃತಬಳ್ಳಿ ಹಬ್ಬಿತು. ಬೇಲಿಗೆ ಆಡುಸೋಗೆ ಬಂತು. ನೆಲಬೇವು ತಾನಾಗಿ ಉದುರಿ ತಾನಾಗಿ ಹುಟ್ಟಿತು. ಒಂದು ಮೂಲೆಯಲ್ಲಿ ಶತಾವರಿ. ಅದನ್ನು ಅಲ್ಲಿಯವರು ಹಲವು ಮಕ್ಕಳ ತಾಯಿ ಬೇರು ಅನ್ನುತ್ತಾರೆ; ಒಂದು ಬುಡ ಕಿತ್ತರೆ ಗೊಂಚಲು ಗೊಂಚಲು ಗೆಡ್ಡೆ ಬರುವುದರಿಂದ ಆ ಹೆಸರು. ಎಲ್ಲವೂ ಬೆಟ್ಟದ ಗಿಡಗಳು, ಮರದ ಕೆಳಗೆ ಬೆಳೆದು ಅಭ್ಯಾಸವಾದವು. ಅವನ್ನು ಅವಳು ಸಾಕಿದಳು ಎನ್ನುವುದಕ್ಕಿಂತ ಅವುಗಳ ನಡುವೆ ನಿದ್ದೆ ಮಾಡಿದಳು ಎನ್ನುವುದು ಸರಿ.

ಒಂದನ್ನು ಮಾತ್ರ ಹಟ ಹಿಡಿದು ಬೆಳೆಸಿದಳು. ಅದು ನಾಮದ ಬೇರು. ಕಡುಹಸಿರು ಕಿರಿದೆಲೆ, ನಡುವೆ ಯಾರೋ ಸುಣ್ಣದ ಕಡ್ಡಿಯಲ್ಲಿ ಎಳೆದಂತೆ ಒಂದು ಬಿಳಿ ಗೆರೆ. ನೆಲಕ್ಕೆ ಅಂಟಿಕೊಂಡು ಹರಿಯುವ ದಾರದಂಥ ಬಳ್ಳಿ. ಮೇಲೆ ನೋಡಿದರೆ ಏನೂ ಇಲ್ಲ. ಬೇರು ಮುರಿದರೆ ಇಡೀ ಕೈ ಘಮ್ಮೆನ್ನುತ್ತದೆ.

ಆ ಬೇರನ್ನು ಅವಳಿಗೆ ತೋರಿಸಿದವಳು ಅತ್ತೆ ಚಿಕ್ಕಲಕ್ಷ್ಮಮ್ಮ. ಉರಿಮೂತ್ರಕ್ಕೆ, ಮೈ ಕಾವಿಗೆ, ಮಕ್ಕಳ ಹುಣ್ಣಿಗೆ ಚಿಕ್ಕಲಕ್ಷ್ಮಮ್ಮ ಬೇರು ತೇಯ್ದು ಕೊಡುತ್ತಿದ್ದಳು. ಸೊಸೆ ಮನೆಗೆ ಬಂದ ಮೇಲೆ ಬುಟ್ಟಿ ಹೊರಲು ಅವಳನ್ನು ಬೆಟ್ಟಕ್ಕೆ ಕರೆದುಕೊಂಡು ಹೋದಳು. ಆ ಬೆಟ್ಟದ ತುಂಬ ಬೋಳು ಬಂಡೆ. ಬಂಡೆಗಳ ಸಂದಿನಲ್ಲಿ, ಮುಳ್ಳುಪೊದೆಯ ಬುಡದಲ್ಲಿ ಬಳ್ಳಿ ಸಿಕ್ಕುತ್ತಿತ್ತು. ಸಿಕ್ಕಿದ ಕೂಡಲೇ ಚಿಕ್ಕಲಕ್ಷ್ಮಮ್ಮ ಸೂರ್ಯ ಎಲ್ಲಿದ್ದಾನೆಂದು ನೋಡುತ್ತಿದ್ದಳು. ನೋಡಿ, ಗಿಡದ ಸುತ್ತ ಅರ್ಧ ಸುತ್ತು ಬಂದು, ಬಿಸಿಲಿಗೆ ಮುಖ ಕೊಟ್ಟು ಕೂರುತ್ತಿದ್ದಳು.

"ಈಚೆ ಬಾ ಕಣಮ್ಮಿ. ಮದ್ದಿನ್ ಮೇಲೆ ನೆರಳು ಬೀಳ್ಬಾರ್ದು."

"ಬಿದ್ರೆ ಏನಾಯ್ತದತ್ತೆ?"

"ಗುಣ ನೆರಳಿಗೆ ಅಂಟ್ಕೊಂಡು ಎದ್ದೊಯ್ತದೆ. ಆಮೇಲೆ ನಿನ್ ಬುಟ್ಟೀಲಿ ಇರೋದು ಬರೀ ಕಡ್ಡಿ."

ರಾಧಾಮಣಿ ಇದನ್ನು ನಂಬಿದಳೇ ಎಂದು ಕೇಳುವುದು ವ್ಯರ್ಥ. ಎಡಗೈಯಲ್ಲಿ ಎಲೆ ಅಡಿಕೆ ಕೊಡಬಾರದು ಎನ್ನುವಂತೆ ಅದೂ ಒಂದು. ಹೀಗೆ ಅತ್ತೆ ಸೊಸೆ ಇಬ್ಬರೂ ಸೂರ್ಯನ ಎದುರು ಕುಳಿತು, ಕಣ್ಣು ಕಿರಿದು ಮಾಡಿಕೊಂಡು, ಕಾಣುತ್ತದೆಯೋ ಇಲ್ಲವೋ ಎಂಬಂತೆ ಅಗೆಯುತ್ತಿದ್ದರು. ಕಣ್ಣೊಳಗೆ ಕೆಂಪು, ಬಂಗಾರದ ಬಣ್ಣದ ಚುಕ್ಕಿಗಳು ತೇಲುತ್ತಿದ್ದವು. ಆ ಚುಕ್ಕಿಗಳ ನಡುವಿನಿಂದ ವಾಸನೆ ಬರುತ್ತಿತ್ತು. ಅವರ ನೆರಳುಗಳು ಬೆನ್ನ ಹಿಂದೆ ಬಂಡೆಯ ಮೇಲೆ ಉದ್ದಕ್ಕೆ ಬಿದ್ದಿರುತ್ತಿದ್ದವು, ಬುಟ್ಟಿ ಹೊರಲು ಬಂದ ಇನ್ನಿಬ್ಬರು ಹೆಂಗಸರ ಹಾಗೆ.

ಆಮೇಲೆ ಬೆಟ್ಟಕ್ಕೆ ಚೀಲ ತೆಗೆದುಕೊಂಡು ಬರುವವರು ಹೆಚ್ಚಿದರು. ಶರಬತ್ತಿಗೆ ಬೇಕೆಂದು ದೊಡ್ಡದು ಚಿಕ್ಕದು ನೋಡದೆ ಎಲ್ಲವನ್ನೂ ಕಿತ್ತರು. ಒಂದು ವರ್ಷ ಅತ್ತೆ ಸೊಸೆ ಬೆಳಗಿನಿಂದ ಸಂಜೆಯವರೆಗೆ ತಿರುಗಿ, ಖಾಲಿ ಬುಟ್ಟಿಯಲ್ಲಿ ಇಳಿದು ಬಂದರು. ಮರುದಿನದಿಂದ ಚಿಕ್ಕಲಕ್ಷ್ಮಮ್ಮ ಬೇರು ಕೇಳಿ ಬಂದವರಿಗೆ "ಇಲ್ಲ, ಓಗಿ" ಎಂದಳು. ತೇಯುವ ಕಲ್ಲನ್ನು ಬಾಗಿಲು ಮುಚ್ಚದಂತೆ ಅಡ್ಡಕ್ಕೆ ಇಟ್ಟಳು. ಬೇಸರಪಟ್ಟಂತೆ ಕಾಣಲಿಲ್ಲ.

ಹಲವು ವರ್ಷಗಳ ಮೇಲೆ, ಮೇಕೆ ಹುಡುಕಿಕೊಂಡು ಬೆಟ್ಟ ಹತ್ತಿದ ರಾಧಾಮಣಿಗೆ ಕಳ್ಳಿಯ ಮೆಳೆಯೊಳಗೆ ಒಂದೇ ಒಂದು ಹಳೆಯ ಬಳ್ಳಿ ಕಂಡಿತು. ಮುಳ್ಳಿನೊಳಗೆ ಇದ್ದದ್ದರಿಂದ ಯಾರಿಗೂ ಎಟುಕಿರಲಿಲ್ಲ. ಅದರಲ್ಲಿ ಜೋಡಿ ಕೋಡಿನಂಥ ಕಾಯಿಗಳಿದ್ದವು. ಒಂದು ಒಣಗಿ ಬಿರಿದಿತ್ತು. ಬಿರಿದ ಬಾಯಿಂದ ಬೀಜಗಳು, ಒಂದೊಂದಕ್ಕೂ ಬೆಳ್ಳನೆಯ ರೇಷ್ಮೆಯ ಜುಟ್ಟು, ಒಂದೊಂದಾಗಿ ಎದ್ದು ಗಾಳಿಯಲ್ಲಿ ನಡೆದು ಹೋಗುತ್ತಿದ್ದವು. ಅವಳು ಸೆರಗು ಹಿಡಿದು ನಿಂತಳು. ಮೇಕೆ ಅಂದು ತಾನಾಗಿಯೇ ಮನೆಗೆ ಬಂತು.

ಸೊಸೆ ಬೀಜ ಹಾಕುವುದನ್ನು ನೋಡಿ ಮುದುಕಿ ನಕ್ಕಳು. "ನೀ ಆಕಿ ಬೆಳದದ್ದು ಮದ್ದಾಗಾಕಿಲ್ಲ ಕಣೆ. ಉಳ್ಳೀಕಾಳು ಬೆಳದಂಗೆ ಅದು." ಮೊದಲ ಸಲದ ಬೀಜ ಮಳೆಯಲ್ಲಿ ಕೊಳೆಯಿತು. ಎರಡನೆಯ ಸಲ ಹಿಪ್ಪುನೇರಳೆ ಸಾಲಿನ ನಡುವೆ ಬಯಲಿನಲ್ಲಿ ಹಾಕಿದಳು. ಹುಟ್ಟಿದವು, ಬಿಸಿಲಿಗೆ ಕರಕಲಾದವು. ಅಷ್ಟರಲ್ಲಿ ಚಿಕ್ಕಲಕ್ಷ್ಮಮ್ಮ ತೀರಿಕೊಂಡಳು. ಕಳ್ಳಿ ಮೆಳೆಯನ್ನು ಯಾರೋ ಸುಟ್ಟರು. ಬೆಟ್ಟದ ಬಳ್ಳಿ ಅದರೊಂದಿಗೆ ಹೋಯಿತು. ಉಳಿದದ್ದು ರಾಧಾಮಣಿಯ ಡಬ್ಬಿಯಲ್ಲಿದ್ದ ಕೊನೆಯ ಹಿಡಿ ಬೀಜ. ಅದನ್ನು ಹೋದ ಮಳೆಗಾಲದಲ್ಲಿ ಹೊಂಗೆಯ ಕೆಳಗೆ, ತಾನು ಮಲಗುವ ಜಾಗದಲ್ಲೇ ಹಾಕಿ, ತಾನು ಪಕ್ಕಕ್ಕೆ ಸರಿದು ಮಲಗಿದಳು. ಈ ಸಲ ನಿಂತವು. ಬಲಿತ ಬಳ್ಳಿಯಾದರೆ ಬಿಸಿಲು ಮಳೆ ಯಾವುದಕ್ಕೂ ಜಗ್ಗುವುದಿಲ್ಲ. ಇವು ಎಳೆಯವು. ನೂಲಿನಷ್ಟು ಬೇರು. ಇನ್ನೊಂದು ಮಳೆಗಾಲ ಕಂಡರೆ ಬದುಕಿದವು. ಇಲ್ಲದಿದ್ದರೆ ಡಬ್ಬಿಯಲ್ಲಿ ಬೀಜವಿಲ್ಲ, ಬೆಟ್ಟದಲ್ಲಿ ಬಳ್ಳಿಯಿಲ್ಲ.

ಹೀಗಿರುವಾಗ ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ಮಗಳು ಲತಾಮಣಿಗೆ ದಿನ ತುಂಬಿತು. ಮಗಳನ್ನು ಕೊಟ್ಟಿದ್ದು ಚನ್ನಪಟ್ಟಣದ ಆಚೆ ವಿರೂಪಾಕ್ಷಿಪುರಕ್ಕೆ. ರಾಧಾಮಣಿ ಹೊರಡಲೇಬೇಕಾಯಿತು. ದೇವರಾಜುವಿನ ಹುಳು ಕೊನೆಯ ಜ್ವರ ಕಳೆದು ದೊಡ್ಡ ಊಟಕ್ಕೆ ಬಂದಿದ್ದವು. ಜ್ವರವೆಂದರೆ ಹುಳು ಪೊರೆ ಬಿಡುವ ಕಾಲ. ತಲೆ ಎತ್ತಿಕೊಂಡು, ಅಲ್ಲಾಡದೆ, ಉಣ್ಣದೆ ಕೂತಿರುತ್ತವೆ. ಅದು ಕಳೆದ ಮೇಲೆ ಮಳೆ ಬಿದ್ದಂತೆ ಸದ್ದು ಮಾಡಿಕೊಂಡು ತಿನ್ನುತ್ತವೆ. ಆಗ ಹುಳುಮನೆ ಬಿಟ್ಟು ಬರಲು ಗಂಡಸಿಗೆ ಬಿಡುವಿರುವುದಿಲ್ಲ. ತೋಟದ ಜವಾಬ್ದಾರಿಯನ್ನು ರಾಧಾಮಣಿ ಮೈದುನ ನಟರಾಜುವಿಗೆ ವಹಿಸಿದಳು.

ನಟರಾಜು ಸರ್ಕಾರಿ ಬಸ್ಸಿನ ಡ್ರೈವರಾಗಿದ್ದವನು. ಮಾಗಡಿ, ರಾಮನಗರ, ಕನಕಪುರ ಎಂದು ಎಲ್ಲ ಡಿಪೋಗಳಲ್ಲೂ ಇದ್ದು, ನಿವೃತ್ತನಾಗಿ ಊರಿಗೆ ಬಂದಿದ್ದ. ಒಳ್ಳೆಯವನು. ಹೇಳಿದ ಕೆಲಸವನ್ನು ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಮಾಡುವವನು. ಇಂಥವರಿಂದ ಆಗುವ ಅನಾಹುತ ಕಳ್ಳರಿಂದಲೂ ಆಗುವುದಿಲ್ಲ.

ಅವನೇ ಅವಳನ್ನು ಬಸ್ಸು ಹತ್ತಿಸಿದ. ಕಿಟಕಿಯ ಪಕ್ಕ ಕುಳಿತ ರಾಧಾಮಣಿಗೆ ಬಸ್ಸು ಹೊರಡುವಾಗ ನೆನಪಾಯಿತು. ಬೇರಿಗೆಂದು ಮನೆಗೆ ಬರುತ್ತಿದ್ದ ರಾಮನಗರದ ಅಮೀರುನ್ನೀಸಾ ತನ್ನ ಸೊಸೆಗೆ ಶತಾವರಿ ಗೆಡ್ಡೆ ಬೇಕೆಂದಿದ್ದಳು. ರಾಧಾಮಣಿ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು: "ಅಮೀರಕ್ಕ ಬಂದ್ರೆ ಒಸಿ ಗೆಡ್ಡೆ ಕಿತ್ಕೊಡಪ್ಪೋ! ಕೀಳುವಾಗ ಮದ್ದಿನ್ ಮೇಲೆ ನೆರಳು ಬೀಳ್ದಂಗೆ ನೋಡ್ಕೋ!"

ಇಂಜಿನ್ನಿನ ಸದ್ದು ಮೊದಲರ್ಧವನ್ನು ನುಂಗಿತು. ಅಷ್ಟು ವರ್ಷ ಅದೇ ಸದ್ದಿನ ಪಕ್ಕದಲ್ಲಿ ಕುಳಿತಿದ್ದ ನಟರಾಜುವಿನ ಕಿವಿಗೆ ಉಳಿದರ್ಧ ಮಾತ್ರ ಬಿತ್ತು. ಮದ್ದಿನ ಮೇಲೆ ನೆರಳು ಬೀಳದಂತೆ ನೋಡಿಕೊಳ್ಳಬೇಕು. ಅವ್ವ ಕೂಡ ಹಾಗೆ ಏನೋ ಅನ್ನುತ್ತಿದ್ದದ್ದು ಅವನಿಗೆ ನೆನಪಿತ್ತು. ಅವನು ತಲೆಯಾಡಿಸಿ ಕೈ ಎತ್ತಿದ.

ಲತಾಮಣಿಗೆ ಹೆಣ್ಣು ಹುಟ್ಟಿತು. ಬಾಣಂತಿಗೆ ನೀರು ಹಾಕುವವಳು ಗೊತ್ತಾದ ಮೇಲೆ, ಬೀಗಿತ್ತಿಗೆ ಎಲ್ಲ ಒಪ್ಪಿಸಿ ರಾಧಾಮಣಿ ಹಿಂದಿರುಗಿದಳು. ಬಸ್ಸಿನಲ್ಲಿ ಅವಳಿಗೆ ನಿದ್ದೆ ಹತ್ತಿತು. ಸಾತನೂರಿನಲ್ಲಿ ಕಂಡಕ್ಟರ್ ಎಬ್ಬಿಸಿ ಇಳಿಸಿದ. ಕಣ್ಣು ಪೂರ್ತಿ ಬಿಡದೆಯೇ ಅವಳು ಊರಿನ ದಾರಿ ನಡೆದಳು. ತಿರುವು ದಾಟಿದ ಮೇಲೆ ದೂರದಲ್ಲಿ ಹೊಂಗೆ ಸಾಲು ಕಾಣಬೇಕು. ಅಲ್ಲಿ ಆಕಾಶವಿತ್ತು. ಬರೀ ಆಕಾಶ, ಬೆಳ್ಳಗೆ, ಕಣ್ಣು ಚುಚ್ಚುವಷ್ಟು ಹತ್ತಿರದಲ್ಲಿ. ತಾನಿನ್ನೂ ಬಸ್ಸಿನಲ್ಲೇ ಇದ್ದೇನೆ, ಎದ್ದಿಲ್ಲ ಎಂದುಕೊಂಡಳು. ಹಾಗೆಂದುಕೊಂಡೇ ಬದುವಿನವರೆಗೂ ನಡೆದಳು.

ಹೊಂಗೆ ಮರಗಳು ಇದ್ದವು. ರೆಂಬೆಗಳಿರಲಿಲ್ಲ. ಬೋಳು ಬೊಡ್ಡೆಗಳು ಮುಷ್ಟಿ ಎತ್ತಿದಂತೆ ನಿಂತಿದ್ದವು. ಕಡಿದ ಸೊಪ್ಪಿನ ರಾಶಿಯ ಮೇಲೆ ಮಚ್ಚು ಒರಗಿಸಿಕೊಂಡು ನಟರಾಜು ಕುಳಿತಿದ್ದ.

"ಬಂದ್ಯಾ ಅತ್ಗೆ? ಮಗಾ ಎಂಗೈತೆ? ನೋಡು, ನೀ ಯೋಳಿದಂಗೇ ಮಾಡಿವ್ನಿ. ಒಂದೆಲೆ ನೆರಳೂ ಬೀಳಾಕಿಲ್ಲ ಈಗ. ಅಣ್ಣನ್ನ ಕೇಳಾಕೋಗ್ನಿಲ್ಲ, ಅವನೆಲ್ಲಿ ಉಳದ್ ಮನೆ ಬಿಟ್ ಬಂದಾನು!"

ಹುಳುಮನೆಯೊಳಗಿದ್ದ ದೇವರಾಜುವಿಗೆ ಮಚ್ಚಿನ ಸದ್ದು ಕೇಳಿಸಿತ್ತು. ನಟರಾಜು ಗದ್ದೆಯ ಗೊಬ್ಬರಕ್ಕೆ ಹೊಂಗೆ ಸೊಪ್ಪು ಕಡಿಯುತ್ತಿದ್ದಾನೆ ಎಂದುಕೊಂಡು ಅವನು ಹುಳುವಿಗೆ ಎಲೆ ಹಾಕುತ್ತಿದ್ದ.

ರಾಧಾಮಣಿ ನಾಮದ ಬೇರಿನ ಮಡಿಯ ಪಕ್ಕದಲ್ಲಿ ಕುಳಿತಳು. ಎಳೆ ಬಳ್ಳಿಗಳ ಎಲೆ ಮಗುಚಿಕೊಂಡಿದ್ದವು. ಬಿಳಿ ಗೆರೆ ಮಾತ್ರ ಎದ್ದು ಕಾಣುತ್ತಿತ್ತು.

"ಯಾರ್ ನೆರಳು ಅಂತ ಒಂದ್ ಮಾತು ಕೇಳ್ಬಾರ್ದಾಗಿತ್ತಾ?"

"ಯಾರ್ದು ಅಂದ್ರೆ? ಮರದ್ದು. ಇಲ್ಲಿ ಬೀಳೋದು ಇನ್ಯಾರ್ ನೆರಳು?"

"ಅಗಿಯೋರ್ದು ಕಣಪ್ಪ. ಮನ್ಸರ್ ನೆರಳು. ನಿಮ್ಮವ್ವ ಯೋಳ್ತಿದ್ದದ್ದು ಅದು. ಮರದ್ ನೆರಳು ಇಲ್ದಿದ್ರೆ ಇವು ಉಳಿಯಾಕಿಲ್ಲ."

ನಟರಾಜು ಬಗ್ಗಿ ನೋಡಿದ. ಅವನ ಸ್ವಂತ ನೆರಳು, ಮಚ್ಚು ಸಮೇತ, ಮಡಿಯ ಮೇಲೆ ಉದ್ದಕ್ಕೆ ಮಲಗಿತ್ತು. ಹಾವು ತುಳಿದವನಂತೆ ಹಿಂದಕ್ಕೆ ಹಾರಿದ.

"ಈಗ್ ಆರಿ ಏನ್ ಬಂತು," ಎಂದಳು ರಾಧಾಮಣಿ. "ಈಗ ನಿನ್ ನೆರಳೇ ವಾಸಿ. ಅಲ್ಲೇ ನಿಂತ್ಕೋ."

ಸಂಜೆ ಬಿಸಿಲು ಇಳಿಯುವವರೆಗೆ ಅವನು ಹಾಗೇ ನಿಂತಿದ್ದ. ರಾಧಾಮಣಿ ಗಂಟಿನಿಂದ ಹಳೆಯ ಸೀರೆ ತೆಗೆದು ಉಳಿದ ಕಡೆ ಹಿಡಿದಳು. ಸೀರೆ ಹಾಸಿದರೆ ಬಳ್ಳಿ ಉಸಿರು ಕಟ್ಟುತ್ತದೆ, ಹಿಡಿದರೆ ಕೈ ಸೋಲುತ್ತದೆ. ನಾಳೆ ಕನಕಪುರಕ್ಕೆ ಹೋಗಿ ಹಸಿರು ಪರದೆ ತರುತ್ತೇನೆ ಎಂದ ನಟರಾಜು. ಅವನು ಹೋಗಿ, ತಂದು, ಕಟ್ಟುವ ಹೊತ್ತಿಗೆ ನಾಳೆಯ ಮಧ್ಯಾಹ್ನ ಕಳೆದಿರುತ್ತದೆ. ಬಳ್ಳಿ ಕರಕಲಾಗಲು ಆ ಒಂದು ಮಧ್ಯಾಹ್ನವೇ ಸಾಕಾಗಿತ್ತು.

ಕೈ ಬದಲಿಸುವಾಗ ರಾಧಾಮಣಿಯ ಕಣ್ಣು ಹುಳುಮನೆಯ ಹಿಂದಿನ ಗೋಡೆಗೆ ಬಿತ್ತು. ಅಲ್ಲಿ ಹಳೆಯ ಚಂದ್ರಿಕೆಗಳು ಒರಗಿದ್ದವು.

ಚಂದ್ರಿಕೆಯೆಂದರೆ ಬಿದಿರಿನ ಚಾಪೆ. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವುದು ಅದರ ಮೇಲೆ. ಚಾಪೆಯ ಮೇಲೆ ಬಿದಿರಿನ ಸೀಳು ಪಟ್ಟಿಯನ್ನು ನಡುವಿನಿಂದ ಅಂಚಿನವರೆಗೆ ಸುತ್ತು ಸುತ್ತಾಗಿ, ಕೋಡುಬಳೆ ಬಿಚ್ಚಿದಂತೆ ನಿಲ್ಲಿಸಿರುತ್ತಾರೆ. ಆ ಸುತ್ತುಗಳ ಓಣಿಯಲ್ಲಿ ಹುಳು ತನ್ನ ಜಾಗ ಹುಡುಕಿಕೊಂಡು ನೂಲು ಬಿಡುತ್ತದೆ. ಈಗ ಪ್ಲಾಸ್ಟಿಕ್ಕಿನವು ಬಂದ ಮೇಲೆ ಬಿದಿರಿನವನ್ನು ಕೇಳುವವರಿಲ್ಲ. ಪ್ರತಿ ಮನೆಯ ಹಿತ್ತಿಲಿನಲ್ಲೂ ಒಂದಿಷ್ಟು ಬಿದ್ದಿವೆ, ಕೋಳಿ ಅವುಗಳ ಸಂದಿಯಲ್ಲಿ ಮೊಟ್ಟೆಯಿಡುತ್ತದೆ.

"ಊರೆಲ್ಲ ಓಗು," ಎಂದಳು ರಾಧಾಮಣಿ. "ಎಲ್ಲಾರ್ ಮನೇದೂ ಕೇಳ್ಕೊಂಡ್ ಬಾ. ಯಾಕೆ ಅಂತ ಕೇಳುದ್ರೆ ಮುಚ್ಮರೆ ಇಲ್ದಂಗೆ ಯೋಳು."

ಬೆಳಗ್ಗೆ ಬಿಸಿಲು ಹುಟ್ಟುವ ಮುಂಚೆ ನಟರಾಜು ಮನೆ ಮನೆ ತಿರುಗಿದ. ಒಂದೊಂದು ಮನೆಯಲ್ಲೂ ಮೊದಲಿನಿಂದ ಹೇಳಬೇಕಾಯಿತು. ಬೋರಲಿಂಗಯ್ಯನ ಜಗಲಿಯಲ್ಲಿ ಹೇಳಿ ಮುಗಿಸುವ ಹೊತ್ತಿಗೆ ನಾಲ್ಕು ಜನ ಕೂಡಿದ್ದರು.

"ಅಲ್ಲ ಕಣ್ಲಾ ನಟ್ರಾಜ," ಎಂದ ಬೋರಲಿಂಗಯ್ಯ, "ನೆರಳು ಬೀಳ್ಬಾರ್ದು ಅಂದ್ರೆ ಮರ ಕಡಿದ್ಯಾ. ನಾಳೆ ನಿಮ್ಮತ್ಗೆ ಮಳೆ ಬೀಳ್ದಂಗೆ ನೋಡ್ಕೋ ಅಂದ್ರೆ ಏನ್ಲಾ ಮಾಡ್ತಿದ್ದೆ? ಮೋಡಾನ ಕಡೀತಿದ್ಯಾ?"

"ನಂಗೆ ಕೇಳಿಸಿದ್ದೇ ಅಷ್ಟು ಕಣ್ ಬೋರಣ್ಣ."

"ಅಂಗಾದ್ರೆ ಬಸ್ನಾಗೆ ನಿಲ್ಸು ಅಂದೋರ್ನ ಓಗ್ಲಿ ಅಂದ್ರು ಅನ್ಕೊಂಡು ಎತ್ಲಾಗೆ ಕರ್ಕೊಂಡೋಗಿದ್ಯೋ!"

ಒಳಗಿನಿಂದ ಬೋರಲಿಂಗಯ್ಯನ ಹೆಂಡತಿ ದೊಡ್ಡಲಕ್ಷ್ಮಮ್ಮ ಸೆರಗಿನಲ್ಲಿ ಕೈ ಒರೆಸುತ್ತ ಬಂದಳು. "ಆಡ್ಕೊಂಡಿದ್ ಸಾಕು, ಕೊಡಿ ಅತ್ಲಾಗೆ. ಓದ್ ಸಲ ನಮ್ ಉಳಕ್ಕೆ ಸುಣ್ಣಕಟ್ ರೋಗ ಬಂದಾಗಿಂದ ಚಂದ್ರಿಕೆಗಳ್ನ ಬಿಸ್ಲಿಗೆ ಆಕ್ಬೇಕು ಬಿಸ್ಲಿಗೆ ಆಕ್ಬೇಕು ಅಂತ ಬಡ್ಕೊತಾವ್ನಿ. ಇವ್ರು ಮಗ್ಗುಲು ಬದ್ಲಾಯ್ಸಿಲ್ಲ. ಕೋಳಿ ಕಾವಿಗ್ ಕೂತಿರೋದೊಂದ್ ಬುಟ್ಟು ಎಲ್ಲಾ ತಗೊಂಡೋಗಪ್ಪ."

ಬಿಸಿಲು ನೆತ್ತಿಗೆ ಬರುವ ಮುಂಚೆ ಚಂದ್ರಿಕೆಗಳು ಏರಿದ್ದವು. ಗೂಟಕ್ಕೆ ಬೇರೆ ಎಲ್ಲೂ ಹುಡುಕಬೇಕಾಗಲಿಲ್ಲ, ಕಡಿದ ಹೊಂಗೆಯ ರೆಂಬೆಗಳೇ ಇದ್ದವು. ನಟರಾಜು ಅವನ್ನು ನೆಟ್ಟು, ಮೇಲೆ ಅಡ್ಡ ಕಟ್ಟಿ, ಚಂದ್ರಿಕೆಗಳನ್ನು ಹಂಚಿನಂತೆ ಹೊದಿಸಿದ. ರಾಧಾಮಣಿ ಕೆಳಗೆ ನುಸುಳಿ ಕುಳಿತು ಮೇಲೆ ನೋಡಿದಳು.

ಹಾಗೆ ಕುಳಿತವಳು ಬಹಳ ಹೊತ್ತು ಏಳಲಿಲ್ಲ. ಬಿದಿರಿನ ಸಂದುಗಳಿಂದ ಬೆಳಕು ಸೋಸಿ ಬಂದು ನೆಲದ ಮೇಲೆ ಸುತ್ತು ಸುತ್ತಾಗಿ ಬಿದ್ದಿತ್ತು. ಪ್ರತಿ ಚಂದ್ರಿಕೆಯ ಕೆಳಗೂ ಒಂದು ಸುತ್ತು, ನೀರಿನಲ್ಲಿ ಕಲ್ಲು ಬಿದ್ದಲ್ಲಿ ಏಳುವ ಅಲೆಯಂತೆ. ಗಾಳಿ ಬಂದಾಗ ಎಲ್ಲ ಸುತ್ತುಗಳೂ ಒಟ್ಟಿಗೆ ಒಂದಿಷ್ಟು ತಿರುಗಿ ಮತ್ತೆ ನಿಲ್ಲುತ್ತಿದ್ದವು. ಹಿಂದಿನ ಬೆಳೆಗಳ ಹುಳುಗಳು ಬಿಟ್ಟು ಹೋದ ರೇಷ್ಮೆ ಎಳೆಗಳು ಅಲ್ಲಲ್ಲಿ ಅಂಟಿಕೊಂಡಿದ್ದು, ಮಿನುಗಿ ಆರುತ್ತಿದ್ದವು. ತನ್ನ ಕೈ, ಸೀರೆ, ಪಾದ ಎಲ್ಲದರ ಮೇಲೂ ಆ ಸುತ್ತುಗಳು. ತಾನು ಯಾವುದೋ ದೊಡ್ಡ ಹುಳುವಿನ ಗೂಡಿನೊಳಗೆ ಇದ್ದಂತೆ ಅವಳಿಗೆ ಅನ್ನಿಸಿತು. ಅನ್ನಿಸಿದ ಮೇಲೆ ಮಲಗಿದಳು.

ಚಂದ್ರಿಕೆ ಮರವಲ್ಲ. ಮರದ ನೆರಳಿಗೆ ದಪ್ಪವಿರುತ್ತದೆ, ಬಿಸಿಲು ಎತ್ತಲಿಂದ ಬಂದರೂ ತಡೆಯುತ್ತದೆ. ಚಂದ್ರಿಕೆ ತನ್ನ ನೇರದ ಬಿಸಿಲನ್ನು ಮಾತ್ರ ತಡೆಯಿತು. ಬೆಳಗ್ಗೆ ಮೂಡಣದ ಕಡೆ, ಮಧ್ಯಾಹ್ನ ಮೇಲೆ, ಸಂಜೆ ಪಡುವಣದ ಕಡೆ ಎತ್ತಿ ಇಡಬೇಕು. ಆ ಕೆಲಸವನ್ನು ನಟರಾಜು ಹಿಡಿದ. ಯಾರೂ ಹೇಳಲಿಲ್ಲ. ಹೊತ್ತಿಗೆ ಸರಿಯಾಗಿ ಬಂದು, ಬಸ್ಸಿನ ಟೈಂ ಹಿಡಿದವನಂತೆ ಸೂರ್ಯನನ್ನು ನೋಡಿ, ಒಂದೊಂದೇ ಚಂದ್ರಿಕೆ ಸರಿಸಿ ಹೋಗುತ್ತಿದ್ದ. ಊರಿನವರು ಅವನಿಗೆ ನೆರಳು ನಟರಾಜ ಎಂದು ಹೆಸರಿಟ್ಟರು. ಅವನು ಆ ಹೆಸರಿಗೆ ಓಗೊಟ್ಟ.

ಆದರೂ ಬಳ್ಳಿ ಒಣಗಿದವು. ಚಂದ್ರಿಕೆ ಏರುವ ಮುಂಚಿನ ಬಿಸಿಲು ತನ್ನ ಕೆಲಸ ಮಾಡಿಬಿಟ್ಟಿತ್ತು. ಎಲೆ ಅಂಚಿನಿಂದ ಕಂದಿ, ಉದುರಿ, ಯುಗಾದಿ ಕಳೆಯುವ ಹೊತ್ತಿಗೆ ಮಡಿಯಲ್ಲಿ ಕಾಣುತ್ತಿದ್ದದ್ದು ಕಂದು ದಾರದ ತುಂಡುಗಳು. ಶತಾವರಿ ಬದುಕಿತು, ಅಮೃತಬಳ್ಳಿಯನ್ನಂತೂ ಕೊಂದರೂ ಸಾಯುವುದಿಲ್ಲ. ಇದೊಂದೇ ಹೀಗಾಯಿತು.

"ಒಣಗೋಗಿರೋ ಕಡ್ಡಿಗೆ ಕೊಡೆ ಹಿಡೀತಾವ್ನೆ," ಎಂದು ದಾರಿಯಲ್ಲಿ ಹೋಗುವವರು ನಕ್ಕರು. ಚಂದ್ರಿಕೆ ಕೊಟ್ಟವರಲ್ಲಿ ಒಬ್ಬಿಬ್ಬರು ಹಿಂದಕ್ಕೆ ಕೇಳಿದರು. ದೇವರಾಜು ಗೂಡು ಮಾರಿ ಬಂದವನು ಒಂದು ಸಲ ಮಡಿಯ ಹತ್ತಿರ ನಿಂತು ನೋಡಿ, "ಮರ ಚಿಗುರ್ತದೆ ಬುಡು," ಎಂದು ಹೊರಟು ಹೋದ. ಅವನ ಮಟ್ಟಿಗೆ ಅದು ದೊಡ್ಡ ಸಮಾಧಾನದ ಮಾತು.

ನಟರಾಜುವಿಗೆ ತಡೆಯಲಾಗಲಿಲ್ಲ. ಒಂದು ದಿನ ಬೆರಳಲ್ಲಿ ಮಣ್ಣು ಕೆದಕಲು ಬಗ್ಗಿದ.

"ಅತ್ಗೆ, ಒಂದೇ ಒಂದು ಬುಡ ಕೆರೆದು ನೋಡ್ತೀನಿ. ಬೇರು ಬೆಳ್ಳಗಿದ್ರೆ ಜೀವ ಐತೆ ಅಂತ. ಇಲ್ದಿದ್ರೆ ಈ ಕೆಲ್ಸ ನಿಲ್ಸಾನ."

"ಮುಟ್ಬೇಡ."

"ಒಂದೇ ಅತ್ಗೆ."

"ಜ್ವರಕ್ಕೆ ಕೂತಿರೋ ಉಳಾನ ಬದುಕೈತಾ ಅಂತ ಚುಚ್ಚಿ ನೋಡ್ತೀಯಾ?"

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ರೇಷ್ಮೆಯ ಮನೆಯಲ್ಲಿ ಹುಟ್ಟಿದವನಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ. ಜ್ವರಕ್ಕೆ ಕೂತ ಹುಳು ಸತ್ತ ಹುಳುವಿನಂತೆಯೇ ಇರುತ್ತದೆ. ಸೊಪ್ಪು ಹಾಕಬಾರದು, ಮುಟ್ಟಬಾರದು, ಮನೆಯಲ್ಲಿ ಜೋರಾಗಿ ಮಾತಾಡಬಾರದು. ಎದ್ದರೆ ಎದ್ದವು. ಆದರೆ ಹುಳುವಿನ ಜ್ವರಕ್ಕೆ ಒಂದು ಲೆಕ್ಕವಿದೆ. ಈ ಬೇರಿನ ಜ್ವರ ಎಷ್ಟು ಕಾಲವೆಂದು ರಾಧಾಮಣಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ತೀರಿಹೋಗಿದ್ದಳು, ಅವಳೂ ಬೇರನ್ನು ಕಿತ್ತವಳೇ ಹೊರತು ನೆಟ್ಟವಳಲ್ಲ.

ಆ ಬೇಸಿಗೆಯೆಲ್ಲ ರಾಧಾಮಣಿ ಚಂದ್ರಿಕೆಯ ಕೆಳಗೆ ಮಲಗಿದಳು. ಬೆಟ್ಟದ ಕಡೆಯಿಂದ ಬಿಸಿ ಗಾಳಿ ಬರುತ್ತಿತ್ತು. ಒಂದು ಮಧ್ಯಾಹ್ನ ಅವಳಿಗೆ ಅತ್ತೆ ಕಂಡಳು. ಸತ್ತವರು ಕನಸಿನಲ್ಲಿ ಬರುವುದರಲ್ಲಿ ವಿಶೇಷವಿಲ್ಲ, ಅವರಿಗೆ ಬೇರೆ ಜಾಗವಿಲ್ಲ. ಚಿಕ್ಕಲಕ್ಷ್ಮಮ್ಮ ಬಂಡೆಯ ಮೇಲೆ ಮುಂದೆ ಮುಂದೆ ನಡೆಯುತ್ತಿದ್ದಳು. ಅವಳ ಹಿಂದೆ ಅವಳ ನೆರಳು ಉದ್ದಕ್ಕೆ ಎಳೆದುಕೊಂಡು ಬರುತ್ತಿತ್ತು. ರಾಧಾಮಣಿ ಬುಟ್ಟಿ ಹೊತ್ತು ಆ ನೆರಳಿನ ಮೇಲೆಯೇ ಕಾಲಿಡುತ್ತಿದ್ದಳು. ಕಾಲಿಟ್ಟಲ್ಲೆಲ್ಲ ನಾಮದ ಬೇರಿನ ಘಮ ಏಳುತ್ತಿತ್ತು. "ಅತ್ತೆ, ಎಲ್ಲಾ ನಿನ್ ನೆರಳಿಗೇ ಅಂಟ್ಕೊಂಡದೆ," ಎಂದು ಕೂಗಿದಳು. ಚಿಕ್ಕಲಕ್ಷ್ಮಮ್ಮ ತಿರುಗದೆ, "ಅದ್ಕೇ ಯೋಳ್ದೆ ಈಚೆ ಬಾ ಅಂತ," ಎಂದಳು. ಎಚ್ಚರವಾದಾಗ ಮುಖದ ಮೇಲೆ ಬಿದಿರಿನ ಸುತ್ತುಗಳು ಆಡುತ್ತಿದ್ದವು. ಹುಳುಮನೆಯಿಂದ ಸದ್ದಿರಲಿಲ್ಲ. ಹೊಸ ಬೆಳೆಯ ಹುಳು ಎರಡನೆಯ ಜ್ವರಕ್ಕೆ ಕೂತಿದ್ದವು. ನ್ಯಾಯವಾಗಿ ಆಗ ಅವಳು ಅಳಬಹುದಿತ್ತು. ಮಗ್ಗುಲು ಬದಲಾಯಿಸಿದಳು.

ಮಳೆ ಒಂದು ಸಂಜೆ ಗುಡುಗಿಕೊಂಡು ಬಂತು. ನಟರಾಜು ಓಡಿ ಬಂದು ಚಂದ್ರಿಕೆಗಳನ್ನೆಲ್ಲ ಕಿತ್ತು ಪಕ್ಕಕ್ಕೆ ಹಾಕಿದ; ಈ ಸಲ ಯಾರ ಮೇಲೆ ಏನು ಬೀಳಬೇಕೆಂದು ಅತ್ತಿಗೆಯನ್ನು ಕೇಳಿಕೊಂಡೇ ಕಿತ್ತ. ಆಮೇಲೆ ಇನ್ನೆರಡು ಮಳೆಯಾಯಿತು. ಮೊದಲು ಚಿಗುರಿದವು ಹೊಂಗೆಯ ಬೊಡ್ಡೆಗಳು, ನಾಚಿಕೆಯಿಲ್ಲದಷ್ಟು ಸೊಕ್ಕಿನಿಂದ. ನೆಟ್ಟ ಗೂಟಗಳಲ್ಲೂ ಒಂದೆರಡು ಚಿಗುರಿದವು, ಉಳಿದವನ್ನು ಗೆದ್ದಲು ತಿಂದಿತು. ಮಡಿ ಮಾತ್ರ ಕಪ್ಪಗೆ ಸುಮ್ಮನಿತ್ತು. ನಟರಾಜು ಬರುವುದನ್ನು ಕಡಿಮೆ ಮಾಡಿದ. ದಾರಿ ಸುತ್ತಿಕೊಂಡು ಹೋಗತೊಡಗಿದ.

ಅವನನ್ನು ಕರೆಸಿದ್ದು ರಾಧಾಮಣಿಯೇ. ಎದ್ದ ಕೂಡಲೇ, ಇನ್ನೂ ನಿದ್ದೆಗಣ್ಣಿನಲ್ಲಿದ್ದಾಗ, ಕೆನ್ನೆಯ ಪಕ್ಕದ ಮಣ್ಣಿನಲ್ಲಿ ಅವಳಿಗೆ ಒಂದು ಬಿಳಿ ಗೆರೆ ಕಂಡಿತ್ತು. ಇರುವೆಯ ಸಾಲೇನೋ ಎಂದುಕೊಂಡಳು. ಗೆರೆಯ ಎರಡು ಕಡೆ ಎಲೆಯಿತ್ತು.

ಇಬ್ಬರೂ ಮೊಣಕಾಲೂರಿ ನೋಡಿದರು. ಇಲ್ಲೊಂದು, ಅಲ್ಲೊಂದು. ಅರ್ಧಕ್ಕರ್ಧ ಬರಲಿಲ್ಲ. ಬಂದವು ಬಂದವು.

"ಎದ್ದವಲ್ಲ ಅತ್ಗೆ," ಎಂದ ನಟರಾಜು.

"ಊಂ. ಚಂದ್ರಿಕೆಗಳ್ನ ಅವರವ್ರ ಮನೇಗ್ ಮುಟ್ಟಿಸ್ಬುಡು. ದೊಡ್ಲಕ್ಷ್ಮಕ್ಕಂದ್ರಲ್ಲಿ ಒಂದು ಮುರ್ದೋಗದೆ, ಅದ್ಕೆ ನಮ್ದು ಕೊಡು."

ಮುಂದಿನ ಬೇಸಿಗೆಗೆ ಹೊಂಗೆ ಮತ್ತೆ ತಲೆ ಮುಚ್ಚಿಕೊಂಡಿತು. ಅದರ ಮುಂದಿನ ಮಳೆಗಾಲ ಕಳೆದು, ದೀಪಾವಳಿಯ ಆಸುಪಾಸಿನಲ್ಲಿ ರಾಧಾಮಣಿ ಮೊದಲ ಬೇರು ಅಗೆಯಲು ಮನಸ್ಸು ಮಾಡಿದಳು. ಅಂದು ಅಮೀರುನ್ನೀಸಾ ಬಂದಿದ್ದಳು. ಅವಳದು ರಾಮನಗರದಲ್ಲಿ ರೀಲಿಂಗ್ ಮನೆ. ಗೂಡು ಬೇಯಿಸಿ ನೂಲು ತೆಗೆಯುವ ಬಿಸಿನೀರಿನಲ್ಲಿ ಕೈಯಿಟ್ಟು ಕೈಯಿಟ್ಟು ಅವಳ ಬೆರಳುಗಳು ಬಿಳಿಚಿ ಸುಕ್ಕಾಗಿದ್ದವು. ಗೂಡಿನ ಮಾರುಕಟ್ಟೆಯಲ್ಲಿ ಪರಿಚಯವಾಗಿ, ಚಿಕ್ಕಲಕ್ಷ್ಮಮ್ಮನ ಕಾಲದಿಂದ ಬೇರಿಗೆ ಬರುತ್ತಿದ್ದವಳು. ಬೇರು ಕೊಡುವುದು ನಿಂತ ಮೇಲೂ ಮಾತಿಗೆಂದು ಬರುತ್ತಿದ್ದಳು. ಹಳೆಯ ಒಂದು ತುಂಡನ್ನು ಟ್ರಂಕಿನಲ್ಲಿ, ಬಟ್ಟೆಗಳ ನಡುವೆ ಇನ್ನೂ ಇಟ್ಟುಕೊಂಡಿದ್ದಳು.

ರಾಧಾಮಣಿ ಮಡಿಯ ಸುತ್ತ ಅರ್ಧ ಸುತ್ತು ಬಂದು, ಪಡುವಣಕ್ಕೆ ಮುಖ ಮಾಡಿ ಕುಳಿತಳು. ನಟರಾಜು ಎದುರಿಗೆ ನಿಂತಿದ್ದ.

"ಈಚೆ ಬಾ. ನೆರಳು ಬೀಳ್ತದೆ."

ನಟರಾಜು ನೆಲ ನೋಡಿದ. ಅವನ ಕಾಲ ಬಳಿ ಏನೂ ಇರಲಿಲ್ಲ. ಹೊಂಗೆಯ ಹಸಿರು ಮಬ್ಬಿನಲ್ಲಿ ಮೂವರಿಗೂ ನೆರಳಿರಲಿಲ್ಲ.

"ಎಲ್ಲೈತೆ ಅತ್ಗೆ? ಮರದ್ ನೆರಳಲ್ಲಿ ಮನ್ಸರ್ ನೆರಳು ಕಂಡಾತಾ?"

ರಾಧಾಮಣಿ ತಲೆ ಎತ್ತಿದಳು. ಅಷ್ಟು ವರ್ಷ ಇದರ ಕೆಳಗೆ ಮಲಗಿದ್ದರೂ ಅವಳಿಗೆ ಇದು ಹೊಳೆದಿರಲಿಲ್ಲ. ಬೋಳು ಬಂಡೆಯ ಮೇಲಿನ ಮಾತನ್ನು ತಾನು ಮರದ ಕೆಳಗೆ ತಂದು ಇಟ್ಟುಕೊಂಡಿದ್ದಳು. ಇಲ್ಲಿ ಎತ್ತ ಕುಳಿತರೂ ಒಂದೇ.

ಅಮೀರುನ್ನೀಸಾ ನಕ್ಕಳು. "ಅರೆ, ಸರಿಯಾಗೇ ಹೇಳ್ದ ನಿನ್ ಮೈದ. ಕೂತ್ಕೊ ಅಕ್ಕ, ಎಲ್ಲಾದ್ರೂ ಕೂತ್ಕೊ."

"ಇಲ್ದಿದ್ರೆ ಇಲ್ಲ," ಎಂದಳು ರಾಧಾಮಣಿ. "ನೀ ಈಚೆ ಬಾರಪ್ಪ."

ಅವನು ಬಂದು ಅವಳ ಹಿಂದೆ ನಿಂತ. ಅವಳು ಅಗೆದಳು. ಮಣ್ಣು ತಣ್ಣಗಿತ್ತು. ಬೇರು ಬೆರಳಿನಷ್ಟೂ ದಪ್ಪವಿರಲಿಲ್ಲ, ಆದರೆ ಉದ್ದವಾಗಿತ್ತು. ಎಲ್ಲಿ ಮುಗಿಯುತ್ತದೆಂದು ತಿಳಿಯದಂತೆ ಕೆಳಕ್ಕೆ ಹೋಗಿತ್ತು. ಬಿಸಿಲಿಲ್ಲದ ನೆರಳಿನಲ್ಲೂ ಅವಳ ಕಣ್ಣು ತಾವಾಗಿ ಕಿರಿದಾದವು. ಒಂದು ತುಂಡು ಮುರಿದು ಅಮೀರುನ್ನೀಸಾಳ ಕೈಗೆ ಕೊಟ್ಟಳು.

ಅಮೀರುನ್ನೀಸಾ ಅದನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು. ಗೂಡು ಬೇಯುವ ವಾಸನೆ ಹತ್ತಿದ ಮೂಗು ಅದು. ಒಳಗೆ ದಾರಿ ಮಾಡಿಕೊಳ್ಳಲು ಬೇರಿಗೆ ಹೊತ್ತು ಹಿಡಿಯಿತು.

"ಒಸಿ ಕಮ್ಮಿ," ಎಂದಳು. ಮತ್ತೆ ಮೂಸಿದಳು. "ಆದ್ರೆ ಅದೇ. ನಿಮ್ಮತ್ತೆ ಕೊಡ್ತಿದ್ದದ್ದೇ."

ರಾಧಾಮಣಿ ಉಳಿದ ಬೇರನ್ನು ಹಾಗೇ ಮಣ್ಣಿಗೆ ಬಿಟ್ಟು, ಮೇಲೆ ಕೈಯಿಂದ ಮುಚ್ಚಿ ತಟ್ಟಿದಳು. ಮನೆಯ ಬಾಗಿಲಿಗೆ ಅಡ್ಡ ಇಟ್ಟಿರುವ ತೇಯುವ ಕಲ್ಲನ್ನು ತೊಳೆಯಬೇಕು, ಬಾಗಿಲಿಗೆ ಬೇರೆ ಏನಾದರೂ ಹುಡುಕಬೇಕು ಎಂದುಕೊಂಡಳು. ತಿರುಗಿ ನೋಡಿದರೆ ನಟರಾಜು ಇನ್ನೂ ಹಿಂದೆ ನಿಂತಿದ್ದ, ಇಲ್ಲದ ಸೂರ್ಯನಿಗೆ ಮುಖ ಕೊಟ್ಟು, ಕಣ್ಣು ಕಿರಿದು ಮಾಡಿಕೊಂಡು.